ಆಯ್ತು ಬಿಡಿ

ನಮ್ಮೂರಲ್ಲಿ ಬಾಗಿಲು ಹಿಡಿದುಕೊಂಡರೆ ಯಾರೂ ಬಡಗಿಯನ್ನು ಕರೆಯುವುದಿಲ್ಲ. ಒಳಗಿರುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೇ. ಯಾರೋ ಯಾರಿಗೋ ಚುಚ್ಚಿ ಮಾತಾಡಿದ್ದಾರೆ, ಅದಕ್ಕೆ ಎದುರು ಮಾತು ಬಂದಿದೆ ಎಂದು ಅರ್ಥ. ತೆರೆದಿಟ್ಟ ಬಾಗಿಲಾದರೂ ಸರಿ, ತಾನೇ ಬಂದು ಚೌಕಟ್ಟಿನಲ್ಲಿ ಕೂತುಬಿಡುತ್ತದೆ. ಆಮೇಲೆ ನಾಲ್ಕು ಜನ ಗಂಡಸರು ಹೆಗಲು ಕೊಟ್ಟರೂ ಅಲ್ಲಾಡುವುದಿಲ್ಲ. ನೊಂದವರು ನೋಯಿಸಿದವರಿಗೆ ‘ಆಯ್ತು ಬಿಡಿ’ ಅನ್ನಬೇಕು, ನೋಯಿಸಿದವರು ಚಿಕ್ಕವರಾದರೆ ‘ಆಯ್ತು ಬಿಡು’ ಅಂದರೂ ಆದೀತು. ಮನಸಾರೆ ಅನ್ನಬೇಕೆಂದೇನೂ ಇಲ್ಲ, ನಮ್ಮೂರ ಬಾಗಿಲುಗಳಿಗೆ ಮನಸ್ಸಿನ ಉಸಾಬರಿ ಬೇಕಿಲ್ಲ. ಬಾಯಲ್ಲಿ ಬಂದರೆ ಸಾಕು, ಸಡಿಲವಾಗುತ್ತದೆ.

ಎದುರು ಮಾತು ಬರದಿದ್ದರೆ ಬಾಗಿಲು ತನ್ನ ಪಾಡಿಗೆ ತಾನಿರುತ್ತದೆ. ಹಾಗಾಗಿ ಊರವರು ಸುಮ್ಮನಿರುವುದನ್ನು ಚೆನ್ನಾಗಿ ಕಲಿತಿದ್ದಾರೆ. ಕೆಮ್ಮುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋಗುತ್ತಾರೆ. ಆದರೂ ಇರಲಿ ಎಂದು ಪ್ರತಿ ಮನೆಯ ನಡುಮನೆಯಲ್ಲೂ ಒಂದು ಡಬ್ಬ ಚುರುಮುರಿ, ಒಂದು ಬಿಂದಿಗೆ ನೀರು ಇಟ್ಟಿರುತ್ತಾರೆ. ಬಚ್ಚಲಿಗೆ ಬಾಗಿಲಿಲ್ಲ, ಪರದೆ. ಹೆಣ್ಣು ನೋಡುವ ಶಾಸ್ತ್ರ, ಆಸ್ತಿ ಭಾಗ, ಪುರಸಭೆಯ ಸಭೆ ಎಲ್ಲವೂ ಬಯಲಲ್ಲಿ, ಶಾಮಿಯಾನದ ಕೆಳಗೆ. ಬೇರೆ ಊರಿಂದ ಬಂದ ಸೊಸೆಯರಿಗೆ ಮೊದಲು ಕಲಿಸುವುದು ಅಡುಗೆಯನ್ನಲ್ಲ, ಯಾವ ಮಾತಿಗೆ ಕಿವುಡಾಗಬೇಕು ಎನ್ನುವುದನ್ನು.

ನನಗೂ ಇದೆಲ್ಲ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಕೆಟ್ಟೆ. ಎರಡು ವರ್ಷದ ಹಿಂದೆ ಕೆಲಸದ ಅಂಗಡಿಯ ಮೆಟ್ಟಿಲಿಂದ ಜಾರಿ, ಕಾಲು ಮುರಿದುಕೊಂಡು, ಎಂಟು ತಿಂಗಳು ಮನೆಯಲ್ಲಿ ಮಲಗಿದ್ದೆ. ಫೋನು ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹಾಗೆ ಒಂದು ಗುಂಪಿಗೆ ಸೇರಿಕೊಂಡೆ, ‘ಮಾತಿನ ಮರ್ಯಾದೆ’ ಎಂದು ಅದರ ಹೆಸರು. ಎಲ್ಲೆಲ್ಲಿಯವರೋ ಹನ್ನೊಂದು ಸಾವಿರ ಜನ. ಒಬ್ಬರ ಬಣ್ಣ, ಮೈಕಟ್ಟು, ಜಾತಿ, ಊನ, ಮದುವೆಯಾಗದ್ದು, ಮಕ್ಕಳಾಗದ್ದು, ಯಾವುದನ್ನೂ ಅಲ್ಲಿ ಆಡಿಕೊಳ್ಳುವಂತಿಲ್ಲ. ಆಡಿಕೊಂಡವರಿಗೆ ಒಂದು ಸಲ ತಿಳಿಹೇಳುತ್ತಾರೆ, ಎರಡನೇ ಸಲ ಅಡ್ಮಿನ್ ಹೊರಗೆ ಹಾಕುತ್ತಾರೆ. ನಮ್ಮ ಸೋದರಮಾವ ನನ್ನನ್ನು ಏಳನೇ ವಯಸ್ಸಿನಿಂದ ಮದುವೆ ಮಂಟಪದವರೆಗೂ ‘ಎಮ್ಮೆಕರು’ ಎಂದೇ ಕರೆದದ್ದನ್ನು ಒಂದು ದಿನ ಅಲ್ಲಿ ಬರೆದೆ. ಮುನ್ನೂರು ಜನ ಉತ್ತರ ಬರೆದರು. ಅವರಲ್ಲಿ ಒಬ್ಬರೂ ‘ಪ್ರೀತಿಯಿಂದ ಕರೆದಿರುತ್ತಾರೆ’ ಅನ್ನಲಿಲ್ಲ. ಅವತ್ತು ಮುಸುಕು ಹಾಕಿಕೊಂಡು ಅತ್ತೆ, ಮನಸ್ಸು ಹಗುರವಾಯಿತು. ಆ ಗುಂಪನ್ನು ಇವತ್ತಿಗೂ ನಾನು ಕೆಟ್ಟದ್ದೆನ್ನುವುದಿಲ್ಲ.

ಕಾಲು ಸರಿಹೋಗಿ ಊರೊಳಗೆ ಓಡಾಡಲು ಶುರುಮಾಡಿದ ಮೇಲೆ ಫಜೀತಿ ಶುರುವಾಯಿತು. ಮೊದಲು ಕಿವಿಗೆ ಬೀಳದೆ ಹೋಗುತ್ತಿದ್ದ ಮಾತೆಲ್ಲ ಈಗ ನೇರವಾಗಿ ಬಂದು ಬಡಿಯುತ್ತಿತ್ತು. ಹಿಟ್ಟಿನ ಗಿರಣಿಯವನು ಕುಂಟು ಗಿರಾಕಿಯನ್ನು ‘ಒಂದೂವರೆ’ ಎಂದು ಕರೆದ, ನಾನು ತಪ್ಪೆಂದೆ, ಗಿರಣಿಯ ಬಾಗಿಲು ಹಿಡಿದುಕೊಂಡಿತು. ಮದುಮಗಳ ಕೋಣೆಯಲ್ಲಿ ಮೇಕಪ್ಪಿನವಳು ‘ಬಣ್ಣ ಕಮ್ಮಿ, ಎರಡು ಕೋಟ್ ಹೊಡೆದ್ರೆ ಸರಿಹೋಗುತ್ತೆ’ ಅಂದಳು, ನಾನು ಬಾಯಿ ಬಿಟ್ಟೆ, ಮುಹೂರ್ತಕ್ಕೆ ಐದು ನಿಮಿಷವಿರುವಾಗ ಆ ಹುಡುಗಿ ಅಳುತ್ತ ‘ಆಯ್ತು ಬಿಡಿ’ ಅಂದು ಹೊರಗೆ ಬಂದಳು. ಅವಳು ಈಗಲೂ ನನ್ನನ್ನು ಮಾತಾಡಿಸುವುದಿಲ್ಲ. ನಮ್ಮ ಭಾವ ನಾನಿದ್ದ ದಿನ ತಟ್ಟೆ ಹಿಡಿದುಕೊಂಡು ಜಗಲಿಗೆ ಹೋಗಿ ಉಣ್ಣುತ್ತಾರೆ.

ಗುಂಪಿನಲ್ಲಿ ಒಂದು ಸಾಲು ಬರೆದು, ಫೋನು ಕೆಳಗಿಟ್ಟು, ಊಟಕ್ಕೆ ಏಳಬಹುದಿತ್ತು. ಇಲ್ಲಿ ಒಂದು ಸಾಲು ಆಡಿದರೆ ಬೈಸಿಕೊಂಡವನ ಎದುರಿಗೇ ಕೂತು ಮೂರು ಗಂಟೆ ಚುರುಮುರಿ ತಿನ್ನಬೇಕು. ಅಲ್ಲಿ ಒಬ್ಬ ತಪ್ಪಾಡಿದರೆ ಹೇಳುವವರು ಇನ್ನೂರು ಜನ, ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರುತ್ತಾರೆ. ಇಲ್ಲಿ ನಾನೊಬ್ಬಳೇ. ನಿಜ ಹೇಳಬೇಕೆಂದರೆ ಸುಸ್ತಾಗಿ ಹೋಗಿದ್ದೆ. ಬಾಯಿ ಬಿಟ್ಟರೂ ಸುಸ್ತು, ಬಿಡದಿದ್ದರೆ ಇನ್ನೂ ಸುಸ್ತು. ಗುಂಪಿನವರಿಗೆ ಹೇಳಿಕೊಂಡರೆ ‘ಬಿಡಬೇಡಿ ವಾರಿಜಾ, ನೀವು ಸರಿ’ ಎಂದು ಬರೆಯುತ್ತಿದ್ದರು. ಅವರ ಊರಿನ ಬಾಗಿಲುಗಳಿಗೆ ಚಿಲಕ ಮಾತ್ರ ಇರುತ್ತದೆ ಎಂದು ಕಾಣುತ್ತದೆ.

ನಾನು ಕೆಲಸ ಮಾಡುವುದು ಪುಟ್ಟಸ್ವಾಮಿ ಮಾಸ್ಟ್ರ ಟೈಲರಿಂಗ್ ಅಂಗಡಿಯಲ್ಲಿ. ಪಾತ್ರೆ ಅಂಗಡಿಯ ಮೇಲಿನ ಒಂದೇ ಕೋಣೆ, ಒಂದೇ ಬಾಗಿಲು, ಸರಳು ಹಾಕಿದ ಒಂದು ಕಿಟಕಿ. ಶಾಲೆಗಳ ಯೂನಿಫಾರ್ಮ್ ಹೊಲಿಯುತ್ತೇವೆ. ಕತ್ತರಿಸುವುದು ಅರವತ್ತು ದಾಟಿದ ಮಾಸ್ಟ್ರು, ಮಿಷನ್ ಮೇಲೆ ನಾನು ಮತ್ತು ನಸೀಮಾ, ಕಾಜಾ ತೆಗೆದು ಗುಂಡಿ ಹಾಕುವುದು ದಾಕ್ಷಾಯಿಣಕ್ಕ. ನಲವತ್ತೆಂಟು ವರ್ಷದ ಹೆಂಗಸು, ಗಂಡ ಇಲ್ಲ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಅವರಿಗೆ ಮಾತು ತೊದಲುತ್ತದೆ. ಮೊದಲ ಅಕ್ಷರ ಗಂಟಲಲ್ಲೇ ನಿಂತುಬಿಡುತ್ತದೆ, ಆಮೇಲೆ ಉಳಿದದ್ದು ಬರುತ್ತದೆ. ಆ ಮೊದಲ ಅಕ್ಷರಕ್ಕೆ ಅವರು ಕಾಯುತ್ತಿರುವಾಗ ಮಾಸ್ಟ್ರು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ‘ಗಾಡಿ ಸ್ಟಾರ್ಟ್ ಆಗ್ತಿಲ್ಲ, ಯಾರಾದ್ರೂ ಕಿಕ್ ಹೊಡೀರಪ್ಪ’ ಅನ್ನುತ್ತಿದ್ದರು. ದಿನಕ್ಕೆ ಒಂದು ಸಲವಾದರೂ. ಬಟ್ಟೆ ಕೊಡಲು ಬಂದ ಗಿರಾಕಿಗಳೂ ನಗುತ್ತಿದ್ದರು. ದಾಕ್ಷಾಯಿಣಕ್ಕ ತಲೆ ತಗ್ಗಿಸಿ ಕಾಜಾ ತೆಗೆಯುತ್ತಿದ್ದರು, ಬಾಗಿಲು ತೆರೆದೇ ಇರುತ್ತಿತ್ತು.

ಎಂಟು ತಿಂಗಳು ಬಿಟ್ಟು ಕೆಲಸಕ್ಕೆ ಬಂದ ಮೇಲೆ ಈ ಮಾತು ಕೇಳಿದಾಗಲೆಲ್ಲ ನನ್ನ ಹೊಲಿಗೆ ಓರೆಯಾಗುತ್ತಿತ್ತು. ಮಾಸ್ಟ್ರು ಅನ್ನ ಹಾಕುವವರು ಎಂದು ಸುಮ್ಮನಿದ್ದೆ. ಅದರ ಬದಲು ದಾಕ್ಷಾಯಿಣಕ್ಕನಿಗೆ ಬೇರೆ ಥರ ಸಹಾಯ ಮಾಡುತ್ತಿದ್ದೆ. ಅವರು ‘ದಾ... ದಾ...’ ಅನ್ನುವಷ್ಟರಲ್ಲಿ ‘ದಾರವಾ ಅಕ್ಕ?’ ಎಂದು ಉಂಡೆ ಕೊಡುತ್ತಿದ್ದೆ. ಗಿರಾಕಿ ಏನಾದರೂ ಕೇಳಿದರೆ ಅವರ ಪರವಾಗಿ ನಾನೇ ಉತ್ತರ ಹೇಳುತ್ತಿದ್ದೆ. ಮಾಸ್ಟ್ರಿಗೆ ನಗಲು ಅವಕಾಶವನ್ನೇ ಕೊಡುತ್ತಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ದಿನ ಸಂಜೆ ಐದು ಗಂಟೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ಮೈದಾನದಲ್ಲಿ ಪುರಸಭೆಯವರು ಹೊಸ ಬಡಾವಣೆಯ ನಲವತ್ತು ಮನೆಗಳನ್ನು ಹಂಚುವುದಿತ್ತು. ದಾಕ್ಷಾಯಿಣಕ್ಕ ಅರ್ಜಿ ಹಾಕಿ ಹನ್ನೊಂದು ವರ್ಷವಾಗಿತ್ತು. ಪಟ್ಟಿಯಲ್ಲಿ ಈಗ ಅವರ ಹೆಸರು ಹದಿನೇಳನೆಯದು. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಕೂಗಿದವರು ‘ಇದೀನಿ’ ಅನ್ನಬೇಕು. ಮೂರು ಸಲ ಕೂಗಿಯೂ ಉತ್ತರ ಬರದಿದ್ದರೆ ಮುಂದಿನ ಹೆಸರು. ಬೆಳಿಗ್ಗೆಯೇ ನಾನು ಹೇಳಿದ್ದೆ, ‘ನಾನೂ ಬರ್ತೀನಕ್ಕ. ನಿಮ್ಮ ಹೆಸರು ಕೂಗಿದ ತಕ್ಷಣ ಇದ್ದಾರೆ ಅಂತ ನಾನೇ ಹೇಳ್ಬಿಡ್ತೀನಿ, ನಿಮಗ್ಯಾಕೆ ಅಷ್ಟು ಜನದ ಮುಂದೆ ಒದ್ದಾಟ.’ ಅವರು ಸೂಜಿಗೆ ದಾರ ಪೋಣಿಸಿದರು. ಊಟದ ಹೊತ್ತಿನಲ್ಲಿ ಕಿಟಕಿಯ ಕಡೆ ತಿರುಗಿ ನಿಂತು, ತುಟಿಯಲ್ಲೇ ಏನನ್ನೋ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ‘ಇದೀನಿ’ ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು. ಪಾಪ ಅನ್ನಿಸಿತು.

ಎರಡೂ ಮುಕ್ಕಾಲಿಗೆ ಅವರು ಮಾಸ್ಟ್ರ ಹತ್ತಿರ ಹೋಗಿ ನಿಂತರು. ನಾಲ್ಕೂವರೆಗೆ ಹೊರಡಬೇಕು, ಅನುಮತಿ ಕೇಳುವುದಕ್ಕೆ. ‘ಮಾ... ಮಾ...’ ಎಂದು ನಿಂತಿತು. ಮಾಸ್ಟ್ರು ಕತ್ತರಿ ಕೆಳಗಿಟ್ಟರು. ‘ಇವತ್ತು ಬ್ಯಾಟರಿನೇ ಡೌನು. ತಳ್ಳಿ ಸ್ಟಾರ್ಟ್ ಮಾಡ್ಬೇಕೇನೋ. ಸಂಜೆ ಮೈಕಲ್ಲಿ ಕೂಗಿದ್ರೆ ನೀನು ಇದೀನಿ ಅನ್ನೋಷ್ಟರಲ್ಲಿ ನಲವತ್ತು ಮನೇನೂ ಖಾಲಿ ಕಣಮ್ಮ,’ ಅಂದರು.

ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ‘ಮಾಸ್ಟ್ರೇ, ಇದು ಸರಿಯಲ್ಲ,’ ಅಂದೆ. ‘ಅವರಿಗಿರೋದು ಒಂದು ಊನ. ಮಾತು ಬರದೇ ಇರೋರನ್ನ ಇಟ್ಕೊಂಡು ನಗೋದು ದೊಡ್ಡಸ್ತಿಕೆಯಲ್ಲ. ಅವರು ಪಾಪ, ತಿರುಗಿಸಿ ಹೇಳೋಕೂ ಆಗಲ್ಲ ಅಂತ ತಾನೆ ನಿಮಗಿಷ್ಟು ಸಲಿಗೆ?’

ದಾಕ್ಷಾಯಿಣಕ್ಕ ನನ್ನ ಕಡೆ ತಿರುಗಿದರು. ‘ಬೇ... ಬೇ...’ ಅಂದರು. ಮುಖ ಕೆಂಪಾಗಿತ್ತು.

‘ಬೇಜಾರಾಗುತ್ತೆ ಅಂತಿದ್ದಾರೆ, ಕೇಳಿ,’ ಎಂದು ನಾನು ಮಾಸ್ಟ್ರಿಗೆ ಹೇಳಿದೆ. ಅಷ್ಟರಲ್ಲಿ ಬಾಗಿಲು ಬಂದು ಚೌಕಟ್ಟಿನಲ್ಲಿ ಕೂತಿತು.

ನಸೀಮಾ ಎದ್ದು ಒಂದು ಸಲ ಎಳೆದು ನೋಡಿ, ಸುಮ್ಮನೆ ವಾಪಸ್ ಬಂದು ಕೂತಳು. ಮಾಸ್ಟ್ರಿಗೆ ಸಿಟ್ಟು ಬಂದಿತ್ತು. ‘ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೂತು ಹೇಳ್ತಿದೀನಿ. ಒಂದಿನಾನಾದ್ರೂ ಈ ಬಾಗ್ಲು ಹಿಡಿದಿತ್ತಾ? ಅವಳಿಗೇ ಇಲ್ಲದ್ದು ನಿನಗ್ಯಾಕಮ್ಮ ವಾರಿಜ? ಫೋನು ನೋಡಿ ನೋಡಿ ತಲೆ ಕೆಡಿಸ್ಕೊಂಡಿದೀಯ.’

‘ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?’ ಅಂದೆ ನಾನು. ಹಾಗೆ ಅರ್ಧ ಗಂಟೆ ಹೋಯಿತು. ಗುಂಪಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಅವರೂ ತಮಗೆ ತಿಳಿದದ್ದನ್ನೆಲ್ಲ ಹೇಳಿದರು. ದಾಕ್ಷಾಯಿಣಕ್ಕ ತಮ್ಮ ಜಾಗಕ್ಕೆ ಹೋಗಿ, ನೀಲಿ ಶರ್ಟಿನ ರಾಶಿ ಮುಂದಿಟ್ಟುಕೊಂಡು, ಕಾಜಾ ತೆಗೆಯಲು ಕೂತಿದ್ದರು. ಅವರ ವಿಷಯಕ್ಕೇ ಜಗಳವಾಗುತ್ತಿದೆ ಎಂದು ಹೊಸಬರು ಬಂದಿದ್ದರೆ ಹೇಳಲಾಗುತ್ತಿರಲಿಲ್ಲ.

ಮೂರೂವರೆಗೆ ನಸೀಮಾ ಹೇಳಿದಳು, ‘ಅಕ್ಕ, ಹೇಳ್ಬಿಡಿ ಒಂದ್ ಮಾತು. ಹನ್ನೊಂದು ವರ್ಷ ಕಾದಿದೀರ. ಇವರಿಬ್ರು ನಾಳೆ ಬೇಕಾದ್ರೆ ಕಿತ್ತಾಡ್ಕೊಳ್ಳಿ.’

ದಾಕ್ಷಾಯಿಣಕ್ಕ ಸೂಜಿ ನಿಲ್ಲಿಸಿದರು. ‘ಇ...’ ಅಂದರು. ನಾನು ‘ಇವತ್ತೇ ಹೋಗ್ಬೇಕು ಅಂತೀರಾ?’ ಅಂದೆ. ಅವರು ನನ್ನನ್ನು ಕೇಳಿಸಿಕೊಳ್ಳಲಿಲ್ಲವೆನ್ನುವಂತೆ ಮತ್ತೆ ಮೊದಲಿಂದ ಶುರುಮಾಡಿದರು. ‘ಇ... ಇಪ್ಪತ್ತೆರಡು ವರ್ಷ. ಅವರಿಗೆ ಒಂದ್ ಸಲಾನೂ ಆ ಮಾತು ಹೇ... ಹೇಳಿಲ್ಲ ನಾನು. ಹೇಳೋದೂ ಇಲ್ಲ.’

ಇಷ್ಟು ವರ್ಷ ಅವರು ನುಂಗಿಕೊಂಡರು, ಸಹಿಸಿಕೊಂಡರು ಎಂದು ನಾನು ತಿಳಿದಿದ್ದೆ. ಎದುರು ಮಾತಾಡಿದರೆ ಕೊನೆಗೆ ‘ಆಯ್ತು ಬಿಡಿ’ ಅನ್ನಲೇಬೇಕಾಗುತ್ತದೆ. ಅದೊಂದನ್ನು ಮಾಸ್ಟ್ರಿಗೆ ಕೊಡಬಾರದೆಂದೇ ಈ ಹೆಂಗಸು ತಲೆ ತಗ್ಗಿಸಿ ಕೂತಿದ್ದರು. ಮಾಸ್ಟ್ರ ಒಂದು ಮಾತನ್ನೂ ಬಿಟ್ಟಿರಲಿಲ್ಲ. ಮಾಸ್ಟ್ರಿಗೂ ಅದು ಅರ್ಥವಾಗಿರಬೇಕು, ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತುತ್ತ ಕೂತರು. ಅವರು ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಎರಡು ನಿಮಿಷದಲ್ಲಿ ಕೆಡಿಸಿ, ಅದೂ ಮನೆ ಹಂಚುವ ದಿನವೇ ಕೆಡಿಸಿ, ಅವರನ್ನು ಇಕ್ಕಟ್ಟಿಗೆ ತಂದಿಟ್ಟಿದ್ದೆ. ಆ ಮಾತು ಹೇಳಿದರೆ ಮನೆ, ಹೇಳದಿದ್ದರೆ ಮಾನ.

ನಾಲ್ಕು ಗಂಟೆಗೆ ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. ‘ತಪ್ಪಾಯ್ತು ಕಣಮ್ಮ,’ ಅಂದರು. ಅವರ ಬಾಯಿಂದ ಆ ಮಾತನ್ನು ನಾನಂತೂ ಕೇಳಿರಲಿಲ್ಲ. ನಮ್ಮೂರಲ್ಲಿ ನೋಯಿಸಿದವರು ತಪ್ಪಾಯ್ತು ಅನ್ನುವ ಪದ್ಧತಿಯೇ ಇಲ್ಲ, ಬಾಗಿಲು ಅದನ್ನು ಕೇಳುವುದಿಲ್ಲ. ನಾವೆಲ್ಲ ಬಾಗಿಲ ಕಡೆ ನೋಡಿದೆವು. ಕೂದಲೆಳೆಯಷ್ಟೂ ಸರಿಯಲಿಲ್ಲ. ದಾಕ್ಷಾಯಿಣಕ್ಕ ಒಂದು ಗುಂಡಿಯನ್ನು ಹಲ್ಲಿನಿಂದ ದಾರ ಕತ್ತರಿಸಿ ಮುಗಿಸಿದರು.

ನಾಲ್ಕೂ ಇಪ್ಪತ್ತಕ್ಕೆ ಅವರು ಗಡಿಯಾರ ನೋಡಿ, ಶರ್ಟು ಮಡಚಿಟ್ಟು, ಎದ್ದು ನಿಂತರು. ಸೀರೆ ಕೊಡವಿಕೊಂಡರು. ‘ಆ... ಆ... ಆಯ್ತು,’ ಅಂದರು. ‘ಬಿ...’

ನನಗೆ ತಡೆಯಲಾಗಲಿಲ್ಲ. ಗಡಿಯಾರದ ಮುಳ್ಳು ನೋಡಿ ನೋಡಿ ತಲೆ ಕೆಟ್ಟಿತ್ತು. ಪಾಪ, ಮನೆಗೋಸ್ಕರ ಮಾಸ್ಟ್ರಿಗೆ ಸೋಲುತ್ತಿದ್ದಾರೆ, ಆ ಸೋಲಾದರೂ ಬೇಗ ಮುಗಿಯಲಿ ಅನ್ನಿಸಿ, ‘ಬಿಡಿ,’ ಎಂದು ನಾನೇ ಮುಗಿಸಿಬಿಟ್ಟೆ.

ಮಾಸ್ಟ್ರು ಎದ್ದು ಹೋಗಿ ಬಾಗಿಲು ಎಳೆದರು. ಅದು ಕೂತಲ್ಲೇ ಕೂತಿತ್ತು. ದಾಕ್ಷಾಯಿಣಕ್ಕ ನನ್ನನ್ನು ಒಂದು ಸಲ ನೋಡಿದರು. ಆ ನೋಟವನ್ನು ಅವರು ಮಾಸ್ಟ್ರಿಗೂ ಯಾವತ್ತೂ ಕೊಟ್ಟಿರಲಿಲ್ಲ. ಆಮೇಲೆ ವಾಪಸ್ ಕೂತು, ಮಡಚಿಟ್ಟ ಶರ್ಟನ್ನು ಬಿಚ್ಚಿ ಸೂಜಿ ಕೈಗೆತ್ತಿಕೊಂಡರು.

‘ನಿನ್ನ ಬಾಯಿಗೆ ಒಂದು ಕಾಜಾ ತೆಗೆದು ಗುಂಡಿ ಹಾಕ್ಬೇಕು,’ ಅಂದಳು ನಸೀಮಾ ನನಗೆ. ಅವಳು ಯಾರಿಗೂ ದನಿ ಎತ್ತುವವಳಲ್ಲ, ಆಗಲೂ ಎತ್ತಲಿಲ್ಲ. ‘ಮಧ್ಯಾಹ್ನ ಬೇ ಅಂದಾಗ್ಲೂ ನೀನೇ ಮುಗಿಸ್ದೆ. ಬೇಜಾರು ಅಂತಿದ್ರೋ, ಬೇಡ ಅಂತಿದ್ರೋ, ನಿನಗೇನು ಗೊತ್ತಾಯ್ತು? ಯಾರಿಗೆ ಅಂತಿದ್ರು ಅಂತಾನಾದ್ರೂ ನೋಡಿದ್ಯಾ?’

ನೋಡಿದ್ದೆ. ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ‘ಬೇ’ ಅನ್ನುವಾಗ ಅವರು ಮಾಸ್ಟ್ರಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದ್ದರು. ಆಗ ನಾನು ಏನಂದಿದ್ದೆ ಎಂದು ಒಂದೊಂದೇ ನೆನಪು ಮಾಡಿಕೊಂಡೆ. ಊನ ಅಂದಿದ್ದೆ. ಮಾತು ಬರದವರು ಅಂದಿದ್ದೆ, ಪಾಪ ಅಂದಿದ್ದೆ. ಮಾಸ್ಟ್ರು ಇಪ್ಪತ್ತೆರಡು ವರ್ಷದಲ್ಲಿ ಗಾಡಿ ನಿಂತಿದೆ ಅಂದಿದ್ದರು, ಗಾಡಿಯೇ ಇಲ್ಲ ಎಂದು ಯಾವತ್ತೂ ಅಂದಿರಲಿಲ್ಲ. ಊಟದ ಹೊತ್ತಿನಲ್ಲಿ ಅವರು ಕಿಟಕಿಯ ಹತ್ತಿರ ನಿಂತು ರೂಢಿ ಮಾಡಿಕೊಳ್ಳುತ್ತಿದ್ದ ಒಂದೇ ಒಂದು ಮಾತನ್ನೂ ನಾನು ಹೇಳಿಬಿಡುತ್ತೇನೆ ಎಂದಿದ್ದೆ. ಕ್ಷಮಿಸಿ ಅನ್ನೋಣವೆಂದು ಬಾಯಿ ತೆರೆದೆ. ನಸೀಮಾ ನನ್ನ ಮೊಣಕೈ ಹಿಡಿದು ಒತ್ತಿದಳು. ಬಾಯಿ ಮುಚ್ಚಿಕೊಂಡೆ.

ನಾಲ್ಕೂ ಮೂವತ್ತೆಂಟಕ್ಕೆ ದಾಕ್ಷಾಯಿಣಕ್ಕ ಮತ್ತೆ ಎದ್ದರು. ಈ ಸಲ ನೇರವಾಗಿ ನನ್ನ ಮಿಷನ್ ಮುಂದೆ ಬಂದು ನಿಂತರು. ‘ಆ...’ ಅಂದರು. ಅಲ್ಲೇ ನಿಂತಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಅರ್ಧ ಮುಚ್ಚಿತು. ನಾನು ಎರಡೂ ಕೈಯಿಂದ ಮಿಷನ್ ಹಲಗೆ ಹಿಡಿದುಕೊಂಡೆ. ಇಷ್ಟು ವರ್ಷ ಜೊತೆಗಿದ್ದು ಒಂದು ಮಾತಿಗೆ ಅವರು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ನಾನು ನೋಡಿದ್ದು ಅದೇ ಮೊದಲು, ಯಾಕೆಂದರೆ ನಾನು ಯಾವತ್ತೂ ಕಾದಿರಲಿಲ್ಲ. ‘ಆ... ಆಯ್ತು,’ ಅಂದರು. ಉಸಿರು ತೆಗೆದುಕೊಂಡರು. ‘ಬಿ... ಬಿ...’ ಮಾಸ್ಟ್ರು ಕೂಡ ಸುಮ್ಮನೆ ನಿಂತಿದ್ದರು. ‘ಬಿಡು.’

ಬಾಗಿಲು ಸಡಿಲವಾಗಿ, ಒಂದು ಗೇಣು ತೆರೆದುಕೊಂಡಿತು. ದಾಕ್ಷಾಯಿಣಕ್ಕ ಗೂಟದಿಂದ ತಮ್ಮ ಚೀಲ ತೆಗೆದುಕೊಂಡು, ಯಾರ ಕಡೆಗೂ ನೋಡದೆ ಮೆಟ್ಟಿಲಿಳಿದು ಹೋದರು. ಮೈದಾನಕ್ಕೆ ಹತ್ತು ನಿಮಿಷದ ದಾರಿ. ನಾನು ಅವರ ಹಿಂದೆ ಹೋಗಲಿಲ್ಲ.

‘ನೋಡಿದ್ಯಾ ಅವಳ ಧೈರ್ಯಾನ,’ ಅಂದರು ಮಾಸ್ಟ್ರು. ‘ಹಿರಿಯಣ್ಣನ ವಯಸ್ಸಿನವನಿಗೆ ಬಿಡು ಅಂತಾಳಲ್ಲ, ಏಕವಚನದಲ್ಲಿ.’

‘ನಿಮಗಲ್ಲ ಮಾಸ್ಟ್ರೇ,’ ಅಂದೆ. ‘ನನಗೆ ಹೇಳಿದ್ದು. ನಿಮ್ಮದು ಹಾಗೇ ಇದೆ.’

ಮಾಸ್ಟ್ರು ಕತ್ತರಿ ಎತ್ತಿಕೊಂಡರು, ಬಟ್ಟೆ ಕತ್ತರಿಸಲಿಲ್ಲ.

ಐದು ಗಂಟೆಗೆ ಮೈದಾನದ ಮೈಕು ಶುರುವಾಯಿತು. ಕಿಟಕಿಯಿಂದ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದೊಂದೇ ಹೆಸರು ಕೂಗುತ್ತ ಹೋದರು. ಹದಿನೇಳನೆಯದಾಗಿ ‘ದಾಕ್ಷಾಯಿಣಿ’ ಅಂದರು. ಸ್ವಲ್ಪ ತಡೆದು ಎರಡನೇ ಸಲ ಕೂಗಿದರು. ಮೂರನೇ ಸಲವೂ ಕೂಗಿದರು. ಆಮೇಲೆ ಮೈಕಿನಲ್ಲಿ ಗಾಳಿಯ ಸದ್ದು ಮಾತ್ರ. ನಸೀಮಾ ಮಿಷನ್ ನಿಲ್ಲಿಸಿದಳು. ಇಲ್ಲಿಂದ ಎಷ್ಟು ಕೂಗಿದರೂ ಅಲ್ಲಿಗೆ ಕೇಳುವುದಿಲ್ಲ, ಆದರೂ ನನ್ನ ನಾಲಿಗೆ ತುದಿಗೆ ‘ಇದ್ದಾರೆ’ ಬಂದು ನಿಂತಿತ್ತು. ಹಲ್ಲು ಕಚ್ಚಿ ಹಿಡಿದೆ. ಮುಂದಿನ ಹೆಸರು ಬರಲಿಲ್ಲ. ಇನ್ನೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಹೆಸರು ಕೂಗುತ್ತಿದ್ದ ಗುಮಾಸ್ತರ ದನಿ ಕೇಳಿಸಿತು, ‘ಹಾಂ, ಸರಿಯಮ್ಮ. ಮುಂದೆ ಬನ್ನಿ, ಇಲ್ಲೊಂದು ಸಹಿ ಹಾಕಿ.’